ಮನೆಯವರ ಹಳೆ ಫೋನ್ ನಿಮ್ಮ ಕೈಗೆ ಬಂತಾ? ಕೊಟ್ಟವರನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳಿ

ದಸರಾ, ದೀಪಾವಳಿ ಮುಗಿದರೆ ಸಾಕು, ನನಗೆ ಈ ಪ್ರಶ್ನೆಗಳು ಶುರು. ಹಬ್ಬದ ಆಫರ್‌ನಲ್ಲಿ ಮಗ ಹೊಸ ಫೋನ್ ತಗೊಂಡಿರುತ್ತಾನೆ. ಅವನ ಹಳೇದು ಅಮ್ಮನಿಗೆ, ಅಮ್ಮನದು ಅಜ್ಜಿಗೆ, ಅಜ್ಜಿಯ ಬಟನ್ ಫೋನ್ ಡ್ರಾಯರ್‌ಗೆ. ಒಂದು ವಾರ ಕಳೆಯುವಷ್ಟರಲ್ಲಿ ಕರೆ ಬರುತ್ತದೆ. "ಯಾರದೋ ಪಾಸ್‌ವರ್ಡ್ ಕೇಳ್ತಿದೆ, ಏನ್ ಮಾಡ್ಲಿ?" "ವಾಟ್ಸ್‌ಆ್ಯಪ್‌ನಲ್ಲಿ ಇದ್ದದ್ದೆಲ್ಲಾ ಹೋಯ್ತು." "ಫೋನ್‌ಪೇ ಬರ್ತಾನೇ ಇಲ್ಲ."

ವಿಚಾರಿಸಿದರೆ ಹತ್ತರಲ್ಲಿ ಎಂಟು ಸಲ ಫೋನ್ ಚೆನ್ನಾಗೇ ಇರುತ್ತದೆ. ಕೆಲಸಗಳು ಹಿಂದೆ ಮುಂದೆ ಆಗಿರುತ್ತವೆ, ಅಷ್ಟೇ. ಕೊಟ್ಟವರು ತಮ್ಮ ಅಕೌಂಟ್ ತೆಗೆಯದೆ ಊರಿಗೆ ಹೊರಟಿರುತ್ತಾರೆ. ಇಲ್ಲವೇ ತಗೊಂಡವರು ತಮ್ಮ ಹಳೆ ಫೋನನ್ನು ಮೊದಲೇ ಅಳಿಸಿ ಕೂತಿರುತ್ತಾರೆ. ಹಾಗಾಗಿ ಇಲ್ಲಿ ಏನು ಮಾಡಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಅನ್ನುವುದಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ ಇವಿಷ್ಟು ಹತ್ತಿರ ಇಟ್ಟುಕೊಳ್ಳಿ: ಎರಡೂ ಫೋನ್, ಎರಡರ ಚಾರ್ಜರ್, ಸಿಮ್ ತೆಗೆಯುವ ಪಿನ್ (ಸಿಗದಿದ್ದರೆ ಸಣ್ಣ ಜೆಮ್ ಕ್ಲಿಪ್ ನೆಟ್ಟಗೆ ಮಾಡಿ), ವೈಫೈ, ಬ್ಯಾಂಕಿನ ಡೆಬಿಟ್ ಕಾರ್ಡ್, ಒಂದು ನೋಟ್‌ಬುಕ್. ಎಲ್ಲಕ್ಕಿಂತ ಮುಖ್ಯವಾಗಿ, ಫೋನ್ ಕೊಟ್ಟವರು. ಅವರು ಪಕ್ಕದಲ್ಲೇ ಇರಬೇಕು. ಭಾನುವಾರ ತಿಂಡಿ ಆದಮೇಲೆ ಕೂತರೆ ಊಟದ ಹೊತ್ತಿಗೆ ಮುಗಿಯುವ ಕೆಲಸ ಇದು.

1. ಮೊದಲು ಫೋನನ್ನೇ ನೋಡಿ

ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಫೋನಾದರೆ ಚಾರ್ಜಿಗೆ ಹಾಕಿದ ಕೂಡಲೇ ಜೀವ ಬರುವುದಿಲ್ಲ. ಅರ್ಧ ಗಂಟೆ ಸುಮ್ನೆ ಬಿಡಿ. ಆಮೇಲೂ ಏನೂ ಕಾಣದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಚಾರ್ಜ್ ಹಾಕುವ ತೂತಿನಲ್ಲಿ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು ಬೇಡ.

ಬ್ಯಾಟರಿ ಉಬ್ಬಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಕವರ್ ತೆಗೆದು, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಫೋನನ್ನು ಮಲಗಿಸಿ, ಒಂದು ಮೂಲೆಯನ್ನು ಬೆರಳಲ್ಲಿ ತಳ್ಳಿ. ಬುಗುರಿ ಥರ ತಿರುಗಿದರೆ ಬೆನ್ನು ಉಬ್ಬಿದೆ. (ಕ್ಯಾಮೆರಾ ಎದ್ದಿರುವ ಫೋನ್ ಸ್ವಲ್ಪ ಅಲ್ಲಾಡುತ್ತದೆ, ಆದರೆ ತಿರುಗುವುದಿಲ್ಲ.) ಪರದೆಯ ಅಂಚಿನಲ್ಲಿ ಬೆಳಕು ಸೋರುವ ಸಂದು ಕಂಡರೂ ಅದೇ ಅರ್ಥ. ಅಂಥ ಫೋನನ್ನು ಚಾರ್ಜಿಗೆ ಹಾಕಲೇಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಬೆಂಕಿ ಹತ್ತುವ ವಸ್ತು ಅದು.

ರಿಪೇರಿ ಬೇಕಾದರೆ ಈಗಲೇ ಮಾಡಿಸಿ. ಕಂಪನಿ ಸರ್ವಿಸ್ ಸೆಂಟರ್ ಆಗಲಿ, ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಆಗಲಿ, ನಿಮ್ಮ ಬೀದಿಯ ಅಂಗಡಿಯೇ ಆಗಲಿ, ನಿಮ್ಮದೇನೂ ಇಲ್ಲದ ಫೋನ್ ಕೊಡುವುದಕ್ಕೂ ನಿಮ್ಮ ಬ್ಯಾಂಕು, ಫೋಟೊ ಎಲ್ಲಾ ತುಂಬಿದ ಫೋನ್ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಅಂಗಡಿಯವರು ಪಾಸ್‌ವರ್ಡ್ ಕೇಳಿದರೂ ಆಗ ನಿಮಗೆ ಚಿಂತೆ ಇರುವುದಿಲ್ಲ.

ಆನ್ ಆದ ಮೇಲೆ ಇವನ್ನು ನೋಡಿ: ಒಂದು ಕರೆ ಮಾಡಿ ಎರಡೂ ಕಡೆ ದನಿ ಕೇಳುತ್ತಾ? ಕೀಬೋರ್ಡಿನ ಎಲ್ಲ ಅಕ್ಷರ ಒತ್ತಿಸಿಕೊಳ್ಳುತ್ತಾ? ಎರಡೂ ಕ್ಯಾಮೆರಾ ಸರಿ ಇವೆಯಾ? ನಂತರ ಸೆಟ್ಟಿಂಗ್ಸ್‌ನಲ್ಲಿ ಫೋನ್ ಬಗ್ಗೆ ಇರುವ ಪುಟಕ್ಕೆ ಹೋಗಿ ಆ್ಯಂಡ್ರಾಯ್ಡ್ ಎಷ್ಟನೇ ಆವೃತ್ತಿ ಅಂತ ನೋಡಿ. ಆ್ಯಂಡ್ರಾಯ್ಡ್ 8 ಬಂದದ್ದು 2017ರಲ್ಲಿ, 10 ಬಂದದ್ದು 2019ರಲ್ಲಿ. ಅದೇ ಪುಟದಲ್ಲಿ ಅಥವಾ ಅದರ ಒಳಗೆ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ಇರುತ್ತದೆ. ಕಳ್ಳರು ನುಗ್ಗುವ ಸಂದುಗಳನ್ನು ಕಂಪನಿ ಕೊನೆಯ ಸಲ ಮುಚ್ಚಿದ ದಿನ ಅದು. ಆ ದಿನಾಂಕ ನಾಲ್ಕೈದು ವರ್ಷ ಹಿಂದಿನದಾದರೆ ನನ್ನ ಸಲಹೆ ನೇರ: ಕರೆ, ವಿಡಿಯೊ, ಹಾಡು, ಮೊಮ್ಮಕ್ಕಳ ಫೋಟೊಗೆ ಬಳಸಿ. ಬ್ಯಾಂಕ್, ಯುಪಿಐ ಮಾತ್ರ ಅದರಲ್ಲಿ ಬೇಡ. ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಅಂಥ ಫೋನ್‌ನಲ್ಲಿ ತಾವೇ ಓಡುವುದಿಲ್ಲ ಅನ್ನುತ್ತವೆ.

ಜಿಯೊ ಸಿಮ್ ಇರುವವರು ಇನ್ನೊಂದನ್ನು ಗಮನಿಸಿ. ಜಿಯೊಗೆ 2ಜಿ, 3ಜಿ ಜಾಲವೇ ಇಲ್ಲ. ಫೋನ್‌ನಲ್ಲಿ ವೋಲ್ಟಿ, ಅಂದರೆ 4ಜಿ ಜಾಲದ ಮೇಲೇ ಕರೆ ಮಾಡುವ ಸೌಲಭ್ಯ ಇರಲೇಬೇಕು. ತೀರಾ ಹಳೆ ಫೋನ್‌ಗಳಲ್ಲಿ ಅದು ಇರುವುದಿಲ್ಲ.

2. ಈ ಫೋನ್ ನಿಜಕ್ಕೂ ಕೊಟ್ಟವರದ್ದೇನಾ?

ಮನೆಯವರನ್ನು ಅನುಮಾನಿಸಿ ಅಂತ ಹೇಳುತ್ತಿಲ್ಲ. ಆದರೆ ನಮ್ಮ ಬೆಂಗಳೂರಿನ ಮನೆಗಳಲ್ಲಿ ಮೂರು ಥರದ ತೊಡಕಿನ ಫೋನ್ ಬರುತ್ತಿರುತ್ತವೆ.

ಒಂದು, ಆಫೀಸಿನ ಫೋನ್. ಐಟಿಯಲ್ಲಿರುವ ಅಳಿಯ ಕೊಟ್ಟಿರುತ್ತಾನೆ. ರೀಸೆಟ್ ಮಾಡಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ, ಆನ್ ಮಾಡಿದರೆ ಈ ಫೋನ್ ಸಂಸ್ಥೆಯೊಂದರ ನಿರ್ವಹಣೆಯಲ್ಲಿದೆ ಅನ್ನುವ ಅರ್ಥದ ಸಾಲು ಬರುತ್ತದೆ. ಕಂಪನಿಯ ಐಟಿ ವಿಭಾಗ ಅದನ್ನು ತನ್ನ ಪಟ್ಟಿಯಿಂದ ಬಿಡುವ ತನಕ ಆ ಸಾಲು ಹೋಗುವುದಿಲ್ಲ. ಅಳಿಯನಿಗೇ ಹೇಳಿ ಬಿಡಿಸಿ.

ಎರಡು, ಇಎಂಐ ಇನ್ನೂ ಮುಗಿಯದ ಫೋನ್. ಸಾಲ ಕೊಟ್ಟವರು ಹಾಕಿದ ಲಾಕ್ ಆ್ಯಪ್ ಒಳಗಿರಬಹುದು. ಕಂತು ತಪ್ಪಿದ ದಿನ ಫೋನ್ ಕೈ ಕೊಡುತ್ತದೆ.

ಮೂರು, ಅಮೆರಿಕದಿಂದ ಮಗಳು ತಂದುಕೊಟ್ಟ ಐಫೋನ್. ಅಲ್ಲಿ ಮೊಬೈಲ್ ಕಂಪನಿಯ ಜೊತೆ ಕಂತಿನಲ್ಲಿ ಕೊಂಡಿದ್ದರೆ ಅದು ಬೇರೆ ಸಿಮ್ ಒಪ್ಪದೇ ಇರಬಹುದು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಪುಟದ ಕೆಳಗೆ ಸಿಮ್ ನಿರ್ಬಂಧ ಇಲ್ಲ ಎಂಬ ಅರ್ಥದ ಸಾಲು ಇದ್ದರೆ ನಿಶ್ಚಿಂತೆ. ಇನ್ನೊಂದು ವಿಷಯ, 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ. ಫೋನ್ ತಿರುಗಿಸಿ ತಿರುಗಿಸಿ ಹುಡುಕಬೇಡಿ. ಅದಕ್ಕೆ ಇ-ಸಿಮ್ ಬೇಕು. ಪ್ಲಾಸ್ಟಿಕ್ ಚೂರು ಇಲ್ಲದೆ ಫೋನಿನೊಳಗೇ ಇಳಿಸುವ ಸಿಮ್ ಅದು. ಜಿಯೊ, ಏರ್‌ಟೆಲ್, ವಿ ಮೂರೂ ಕೊಡುತ್ತವೆ.

ಅಪರಿಚಿತರಿಂದ ಕೊಂಡ ಫೋನ್ ಕುಟುಂಬದೊಳಗೆ ಕೈ ಬದಲಿಸುತ್ತಾ ಬಂದಿದ್ದರೆ ಐಎಂಇಐ ನೋಡಿಬಿಡಿ. ಪ್ರತಿ ಫೋನಿಗೂ ಇರುವ 15 ಅಂಕಿಯ ಗುರುತು ಸಂಖ್ಯೆ ಅದು. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಕೆ, ವೈ, ಎಂ ಎಂಬ ಮೂರು ದೊಡ್ಡಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲೂ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲಿ ಅಂತ ಉತ್ತರ ಬಂದರೆ ಆ ಫೋನ್ ಮುಟ್ಟಬೇಡಿ. ಸರಿ ಇದ್ದರೆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಬಸ್ಸಿನಲ್ಲಿ ಕಳೆದುಹೋದರೆ ದೂರು ಕೊಡಲು ಬೇಕಾಗುತ್ತದೆ.

3. ಕೊಟ್ಟವರು ಮಾಡಬೇಕಾದ ಕೆಲಸ

ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ನನ್ನ ಹಳೆ ಫೋನನ್ನು ವಿಜಯನಗರದಲ್ಲಿರುವ ಅತ್ತೆಗೆ ಕೊಟ್ಟಿದ್ದೆ. ಸಿಮ್ ತೆಗೆದೆ, ಒರೆಸಿದೆ, ಕೊಟ್ಟೆ. ನನ್ನ ಗೂಗಲ್ ಅಕೌಂಟ್ ಅದರಲ್ಲೇ ಉಳಿದಿತ್ತು. ಅತ್ತೆ ಒಂದು ಮಧ್ಯಾಹ್ನ ಕಾಂಟ್ಯಾಕ್ಟ್ಸ್ ತೆರೆದು, ಗೊತ್ತಿಲ್ಲದ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತಾ ಹೋದರು. ಸಂಜೆ ಗ್ಯಾಸ್ ಏಜೆನ್ಸಿಗೆ ಕರೆ ಮಾಡೋಣ ಅಂತ ನೋಡಿದರೆ ನನ್ನ ಹೊಸ ಫೋನ್‌ನಲ್ಲಿ ನಂಬರ್ ಇಲ್ಲ. ಪ್ಲಂಬರ್ ಇಲ್ಲ, ಆಫೀಸಿನ ಅರ್ಧ ಜನ ಇಲ್ಲ. ಕೇಳಿದ್ದಕ್ಕೆ ಅತ್ತೆ, "ಯಾರ್ಯಾರೋ ಇದ್ರು ಕಣೋ, ಕ್ಲೀನ್ ಮಾಡ್ದೆ" ಅಂದರು. ತಪ್ಪು ಅವರದ್ದಲ್ಲ. ಒಂದೇ ಅಕೌಂಟ್ ಎರಡು ಫೋನ್‌ನಲ್ಲಿದ್ದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್‌ನ ಕಸದಬುಟ್ಟಿಯಲ್ಲಿ ಅಳಿಸಿದ ಹೆಸರುಗಳು 30 ದಿನ ಇರುತ್ತವೆ. ಅಲ್ಲಿಂದ ವಾಪಸ್ ತಂದುಕೊಂಡೆ.

ಕೊಡುವವರು ಈ ಕ್ರಮದಲ್ಲಿ ಮಾಡಲಿ.

ಮೊದಲು ತಮ್ಮ ಫೋಟೊ, ವಾಟ್ಸ್‌ಆ್ಯಪ್ ಎಲ್ಲಾ ಹೊಸ ಫೋನಿಗೆ ಬಂದಿದೆ ಅಂತ ಕಣ್ಣಾರೆ ನೋಡಿಕೊಳ್ಳಲಿ. ಬಂದಿರಬೇಕು ಅನ್ನುವ ಊಹೆ ಸಾಲದು. ಯುಪಿಐ ಲೈಟ್‌ನಲ್ಲಿ, ಅಂದರೆ ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡುವ ಪರ್ಸ್‌ನಲ್ಲಿ, ಹಣ ಉಳಿದಿದ್ದರೆ ಅದನ್ನು ಮುಚ್ಚಿ ಬ್ಯಾಂಕಿಗೆ ವಾಪಸ್ ಹಾಕಿಕೊಳ್ಳಲಿ. ಆ ಲೆಕ್ಕ ಇರುವುದು ಫೋನಿಗೇ ಅಂಟಿಕೊಂಡು. ಮೆಮೊರಿ ಕಾರ್ಡ್ ಇದ್ದರೆ ಹೊರಗೆ ತೆಗೆಯಲಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಗೂಗಲ್ ಅಕೌಂಟನ್ನು ತೆಗೆದುಹಾಕಲಿ. ಎರಡು ಜಿಮೇಲ್ ಇದ್ದರೆ ಎರಡನ್ನೂ. ಸ್ಯಾಮ್‌ಸಂಗ್ ಫೋನ್‌ನಲ್ಲಿ ಸ್ಯಾಮ್‌ಸಂಗ್ ಅಕೌಂಟ್, ಶಿಯೋಮಿಯಲ್ಲಿ ಅದರದ್ದೇ ಅಕೌಂಟ್ ಬೇರೆ ಇರುತ್ತದೆ. ಅವೂ ಹೋಗಬೇಕು. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ತಮ್ಮ ಹೆಸರು ಒತ್ತಿ, ಪುಟದ ಕೊನೆಯಲ್ಲಿರುವ ಸೈನ್ ಔಟ್ ಒತ್ತಲಿ.

ಇದನ್ನು ಬಿಟ್ಟು ನೇರ ರೀಸೆಟ್‌ಗೆ ಹೋದರೆ ಏನಾಗುತ್ತದೆ? ಎಫ್‌ಆರ್‌ಪಿ ಅನ್ನುವ ಕಾವಲು ಎದ್ದು ನಿಲ್ಲುತ್ತದೆ. ಕದ್ದ ಫೋನನ್ನು ಅಳಿಸಿ ಮಾರಿಕೊಳ್ಳಬಾರದು ಅಂತ ಗೂಗಲ್ 2015ರಲ್ಲಿ ಆ್ಯಂಡ್ರಾಯ್ಡ್ 5.1ರ ಜೊತೆ ತಂದದ್ದು. ಐಫೋನ್‌ನಲ್ಲಿ ಇಂಥದ್ದು 2013ರಿಂದಲೇ ಇದೆ. ಹಿಂದಿನ ಮಾಲೀಕರ ಪಾಸ್‌ವರ್ಡ್ ಕೊಡುವ ತನಕ ಫೋನ್ ಮುಂದಕ್ಕೆ ಹೋಗುವುದಿಲ್ಲ. ಫೋನಿಗೆ ಕಳ್ಳ ಯಾರು, ಮಾವ ಯಾರು ಅಂತ ಹೇಗೆ ಗೊತ್ತಾಗಬೇಕು?

ಕೊಟ್ಟವರು ಆಗಲೇ ದೂರ ಹೋಗಿಬಿಟ್ಟಿದ್ದರೆ? ಐಫೋನ್ ಆದರೆ ಅವರು ಅಲ್ಲಿಂದಲೇ ಆ್ಯಪಲ್‌ನ ಐಕ್ಲೌಡ್ ತಾಣಕ್ಕೆ ಹೋಗಿ ಈ ಫೋನನ್ನು ತಮ್ಮ ಪಟ್ಟಿಯಿಂದ ತೆಗೆಯಬಹುದು. ಆ್ಯಂಡ್ರಾಯ್ಡ್‌ನಲ್ಲಿ ಅಷ್ಟು ಸುಲಭ ಇಲ್ಲ. ಫೋನ್ ಇನ್ನೂ ರೀಸೆಟ್ ಆಗಿಲ್ಲ ಅಂದರೆ ಅವರಿಂದ ಸ್ಕ್ರೀನ್ ಲಾಕ್ ತಿಳಿದುಕೊಂಡು, ವಿಡಿಯೊ ಕರೆಯಲ್ಲಿ ಅವರು ಹೇಳಿದಂತೆ ನೀವೇ ಅಕೌಂಟ್ ತೆಗೆಯಿರಿ. ರೀಸೆಟ್ ಆಗಿಹೋಗಿದ್ದರೆ ಅವರ ಇಮೇಲ್, ಪಾಸ್‌ವರ್ಡ್ ಹಾಕುವುದೊಂದೇ ದಾರಿ. ಕೆಲಸ ಮುಗಿದ ಮೇಲೆ ಅವರು ಪಾಸ್‌ವರ್ಡ್ ಬದಲಿಸಿಕೊಳ್ಳಲಿ. ಮೊದಲೇ ಬದಲಿಸಿದರೆ ಮತ್ತೆ ತೊಡಕು: ಹೊಸ ಪಾಸ್‌ವರ್ಡನ್ನು ಫೋನ್ ಒಪ್ಪಲು 24 ಗಂಟೆ ಕಾಯಬೇಕಾಗಬಹುದು. ಅಂಗಡಿಯಲ್ಲಿ ಈ ಲಾಕ್ ಒಡೆದುಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅವರು ಒಳಗೆ ಏನು ಸೇರಿಸಿದರು ಅಂತ ನಿಮಗೆ ಎಂದೂ ತಿಳಿಯುವುದಿಲ್ಲ. ಬೇಡ.

4. ರೀಸೆಟ್

ಅಕೌಂಟ್‌ಗಳು ಹೋದ ಮೇಲೆ, ಫೋನನ್ನು ಚಾರ್ಜಿಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಅಂತ ಹುಡುಕಿ. ಎಲ್ಲ ಮಾಹಿತಿ ಅಳಿಸುವ ಆಯ್ಕೆ ಬೇಕು. ಸುಮ್ನೆ ಸೆಟ್ಟಿಂಗ್ ಅಥವಾ ನೆಟ್‌ವರ್ಕ್ ಮಾತ್ರ ರೀಸೆಟ್ ಮಾಡುವುದು ಬೇರೆ. ಐಫೋನ್‌ನಲ್ಲಿ ಇದು ಜನರಲ್ ಪುಟದ ಕೊನೆಯಲ್ಲಿ ಇರುತ್ತದೆ. ಹತ್ತು ನಿಮಿಷದ ಕೆಲಸ.

"ಮಗನ ಫೋನೇ ಅಲ್ವಾ, ಹಾಗೇ ಇಟ್ಕೊಂಡ್ರೆ ಏನಾಗುತ್ತೆ, ಎಲ್ಲ ಆ್ಯಪ್ ಇದೆಯಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ಅತ್ತೆಯ ಕತೆ ಈಗಷ್ಟೇ ಓದಿದಿರಿ. ಅದರ ಮೇಲೆ, ನಿಮ್ಮ ಫೋಟೊ ಮಗನ ಗೂಗಲ್ ಫೋಟೋಸ್‌ಗೆ ಹೋಗುತ್ತಿರುತ್ತದೆ, ಅವನ 15 ಜಿಬಿ ಉಚಿತ ಜಾಗ ಇಬ್ಬರೂ ಸೇರಿ ತುಂಬಿಸುತ್ತೀರಿ. ರೀಸೆಟ್ ಮಾಡಿ.

5. ಹೊಸದನ್ನು ಮುಟ್ಟುವ ಮುಂಚೆ ನಿಮ್ಮ ಹಳೆ ಫೋನ್ ತೆರೆಯಿರಿ

"ನನಗೆ ಇಮೇಲೇ ಇಲ್ಲ" ಅನ್ನುವವರು, ಸ್ವಲ್ಪ ತಾಳಿ. ನಿಮ್ಮ ಹಳೆ ಫೋನ್ ಸ್ಮಾರ್ಟ್‌ಫೋನ್ ಆಗಿದ್ದರೆ ನಿಮಗೆ ಗೂಗಲ್ ಅಕೌಂಟ್ ಇದ್ದೇ ಇರುತ್ತದೆ. ಯಾರೋ ಅಂಗಡಿಯವರು ಅಂದು ಮಾಡಿಕೊಟ್ಟಿರುತ್ತಾರೆ. ಪ್ಲೇ ಸ್ಟೋರ್ ತೆರೆದು ಬಲಗಡೆ ಮೇಲಿನ ಸಣ್ಣ ವೃತ್ತ ಒತ್ತಿ. ಅಲ್ಲಿ ಕಾಣುವ ಇಮೇಲ್ ನಿಮ್ಮದು. ಅಕ್ಷರ ಅಕ್ಷರ ನೋಡಿ ಬರೆದುಕೊಳ್ಳಿ. ಹೆಸರಿನ ನಂತರ ಎರಡು ಮೂರು ಅಂಕಿ ಇರುವುದು ಸಾಮಾನ್ಯ.

ಪಾಸ್‌ವರ್ಡ್ ನೆನಪಿಲ್ಲವೇ? ಬಹುತೇಕ ಯಾರಿಗೂ ಇರುವುದಿಲ್ಲ. ಹಳೆ ಫೋನ್‌ನಲ್ಲಿ ಅಕೌಂಟ್ ಇನ್ನೂ ತೆರೆದಿರುವಾಗಲೇ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿ ಹೊಸದನ್ನು ಇಟ್ಟುಕೊಳ್ಳಿ. ಆ ಫೋನಿನ ಮೂಲಕವೇ ನೀವು ನೀವೇ ಅಂತ ಗೂಗಲ್‌ಗೆ ಗೊತ್ತಾಗುತ್ತದೆ. ಹಳೆ ಫೋನ್ ಅಳಿಸಿದ ಮೇಲೆ ಇದೇ ಕೆಲಸ ಮೂರು ದಿನದ ತಲೆನೋವು. ಅಕೌಂಟ್‌ಗೆ ಕೊಟ್ಟಿರುವ ಫೋನ್ ನಂಬರ್ ಈಗಿನದ್ದೇ ಇದೆಯಾ ಅಂತಲೂ ನೋಡಿ.

ಕಾಂಟ್ಯಾಕ್ಟ್‌ಗಳು ಸಿಮ್‌ನಲ್ಲಿವೆಯೋ, ಫೋನ್‌ನಲ್ಲಿವೆಯೋ, ಗೂಗಲ್‌ನಲ್ಲಿವೆಯೋ ನೋಡಿಕೊಳ್ಳಿ. ಗೂಗಲ್‌ಗೆ ತಂದುಬಿಟ್ಟರೆ ಮುಂದೆ ಯಾವ ಫೋನಿಗೆ ಹೋದರೂ ಜೊತೆಗೆ ಬರುತ್ತವೆ.

ಕೊನೆಗೆ ವಾಟ್ಸ್‌ಆ್ಯಪ್ ಬ್ಯಾಕಪ್. ಬ್ಯಾಕಪ್ ಅಂದರೆ ನಿಮ್ಮ ಸಂದೇಶ, ಫೋಟೊಗಳ ಒಂದು ಪ್ರತಿ ಗೂಗಲ್ ಅಕೌಂಟ್‌ನಲ್ಲಿ ಇಡುವುದು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್. ಯಾವ ಇಮೇಲ್‌ಗೆ ಹೋಗುತ್ತಿದೆ ಅಂತ ಅದೇ ಪುಟದಲ್ಲಿ ಕಾಣುತ್ತದೆ. ಮೇಲೆ ಬರೆದುಕೊಂಡದ್ದೇ ಇರಬೇಕು. ಇವತ್ತಿನ ದಿನಾಂಕ ಬರುವ ತನಕ ಕಾಯಿರಿ.

6. ಈಗ ಆನ್ ಮಾಡಿ

ಭಾಷೆ ಕೇಳಿದಾಗ ಕನ್ನಡ ಆರಿಸಬಹುದು. ಆದರೆ ಬಳಸುವವರನ್ನು ಕೇಳಿ ಆರಿಸಿ. ಹತ್ತು ವರ್ಷ ಅಲೌ, ಕ್ಯಾನ್ಸಲ್ ನೋಡಿ ಅಭ್ಯಾಸ ಆದವರಿಗೆ ಏಕಾಏಕಿ ಅನುಮತಿಸಿ, ರದ್ದುಮಾಡಿ ಅಂತ ಬಂದರೆ ಕೈ ನಿಂತುಬಿಡುತ್ತದೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಕನ್ನಡವೇ ವಾಸಿ.

ವೈಫೈ ಸೇರಿಸಿದ ಮೇಲೂ ಪುಟ ತೆರೆಯದೆ ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಬಂದರೆ ದಿನಾಂಕ ನೋಡಿ. ಪೂರಾ ಖಾಲಿಯಾಗಿ ಮಲಗಿದ್ದ ಫೋನ್ ಯಾವುದೋ ಹಳೆ ವರ್ಷದಲ್ಲಿ ಎದ್ದು ಕೂತಿರುತ್ತದೆ. ದಿನಾಂಕ, ಸಮಯ ತಾನಾಗೇ ಬರುವಂತೆ ಮಾಡಿದರೆ ಸರಿಹೋಗುತ್ತದೆ.

ನಿಮ್ಮ ಗೂಗಲ್ ಅಕೌಂಟ್ ಹಾಕಿ. ಸ್ಕ್ರೀನ್ ಲಾಕ್ ಇಡಿ. ಆರು ಅಂಕಿಯ ಪಿನ್ ಸಾಕು, ಹುಟ್ಟಿದ ವರ್ಷ ಬೇಡ. ಬೆರಳಚ್ಚು ಇದ್ದರೆ ಎರಡು ಬೆರಳು ಸೇರಿಸಿ, ಒಂದೊಂದು ಕೈಯಿಂದ ಒಂದು. ಪಾತ್ರೆ ತೊಳೆದು ಸವೆದ ಬೆರಳನ್ನು ಎಷ್ಟೋ ಫೋನ್ ಗುರುತಿಸುವುದಿಲ್ಲ, ಆಗ ಪಿನ್ನೇ ಗತಿ. ನಂತರ ಸಿಸ್ಟಮ್ ಅಪ್‌ಡೇಟ್ ಇದೆಯಾ ನೋಡಿ ಹಾಕಿಬಿಡಿ. ಇದಕ್ಕೆ ಸಮಯ ಹಿಡಿಯುತ್ತದೆ. ಕಾಫಿ ಮಾಡಿಕೊಳ್ಳಿ.

7. ಸಿಮ್, ಆಮೇಲೆ ವಾಟ್ಸ್‌ಆ್ಯಪ್

ನಿಮ್ಮ ಸಿಮ್ ಹಳೆಯ ದೊಡ್ಡ ಅಳತೆಯದಾಗಿದ್ದರೆ ಈ ಫೋನಿಗೆ ಕೂರುವುದಿಲ್ಲ. ಕತ್ತರಿಸಬೇಡಿ. ಕಂಪನಿಯ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು. ಅಮ್ಮ ಬಳಸುವ ಸಿಮ್ ಮಗನ ಹೆಸರಲ್ಲಿದ್ದು, ಮಗ ಊರಲ್ಲಿಲ್ಲ ಅಂದರೆ ಕೆಲಸ ನಿಂತಂತೆ. ಇನ್ನೊಂದು ಮಾತು: ಸಿಮ್ ಬದಲಿಸಿದ ಮೇಲೆ ಮೊದಲ 24 ಗಂಟೆ ಆ ನಂಬರ್‌ಗೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ಸರ್ಕಾರ ಇಟ್ಟ ನಿಯಮ ಇದು. ಒಟಿಪಿ ಬರುತ್ತಿಲ್ಲ ಅಂತ ಗಾಬರಿ ಬೇಡ. ಸಿಮ್ ಬದಲಿಸುವ ಅಗತ್ಯ ಇದ್ದರೆ ಎಲ್ಲಕ್ಕಿಂತ ಎರಡು ದಿನ ಮುಂಚೆಯೇ ಮಾಡಿಸಿ.

ಸಿಮ್ ಕೂತ ಮೇಲೆ ವಾಟ್ಸ್‌ಆ್ಯಪ್ ಹಾಕಿ ಅದೇ ನಂಬರ್ ಕೊಡಿ. ಒಟಿಪಿ ಬಂದ ನಂತರ ಬ್ಯಾಕಪ್ ಸಿಕ್ಕಿದೆ, ತರಬೇಕಾ ಅಂತ ಕೇಳುತ್ತದೆ. ಅವಸರದಲ್ಲಿ ಬೇಡ ಅಂತ ಒತ್ತಬೇಡಿ. ಈ ಪ್ರಶ್ನೆ ಒಂದೇ ಸಲ ಬರುವುದು. ತಪ್ಪಿ ಒತ್ತಿದರೆ ಅಂದೇ ಆ್ಯಪ್ ತೆಗೆದು ಮತ್ತೆ ಹಾಕಿ. ರಾತ್ರಿಗೆ ಹೊಸ ಖಾಲಿ ಬ್ಯಾಕಪ್ ಹಳೆಯದರ ಜಾಗದಲ್ಲಿ ಕೂತುಬಿಟ್ಟರೆ ವಾಪಸ್ ಸಿಗುವುದಿಲ್ಲ. ಬ್ಯಾಕಪ್ ಸಿಗಲೇ ಇಲ್ಲ ಅಂದರೆ ಇಮೇಲ್ ಬೇರೆ ಹಾಕಿದ್ದೀರಿ ಅಂತ ಅರ್ಥ. ಐದನೇ ಹಂತದಲ್ಲಿ ಬರೆದುಕೊಂಡದ್ದನ್ನು ನೋಡಿ.

ಆ್ಯಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುತ್ತಿದ್ದರೆ ಈ ದಾರಿ ನಡೆಯುವುದಿಲ್ಲ. ಆ್ಯಪಲ್‌ನ ಮೂವ್ ಟು ಐಒಎಸ್ ಅನ್ನುವ ಆ್ಯಪ್ ಮೂಲಕ, ಐಫೋನ್ ಇನ್ನೂ ಹೊಸದಾಗಿ ಆನ್ ಆಗುತ್ತಿರುವಾಗಲೇ ಸಂದೇಶಗಳನ್ನು ದಾಟಿಸಬೇಕು.

ವಾಟ್ಸ್‌ಆ್ಯಪ್ ಆರು ಅಂಕಿಯ ಇನ್ನೊಂದು ಪಿನ್ ಕೇಳಿದರೆ ಅದು ಒಟಿಪಿ ಅಲ್ಲ. ಎಂದೋ ನೀವೇ ಇಟ್ಟ ಎರಡನೇ ಬೀಗ. ಮರೆತಿದ್ದು, ಇಮೇಲ್ ಕೊಟ್ಟಿಲ್ಲದಿದ್ದರೆ ಏಳು ದಿನ ಕಾಯಬೇಕು.

ಒಳಗೆ ಬಂದ ತಕ್ಷಣ ಮೀಡಿಯಾ, ಅಂದರೆ ಫೋಟೊ, ವಿಡಿಯೊ, ತಾನಾಗೇ ಇಳಿಯುವುದನ್ನು ನಿಲ್ಲಿಸಿ. 32 ಜಿಬಿಯ ಹಳೆ ಫೋನನ್ನು ಎರಡು ತಿಂಗಳಲ್ಲಿ ತುಂಬಿಸಲು ಶುಭೋದಯದ ಹೂವಿನ ಚಿತ್ರಗಳೇ ಸಾಕು.

8. ಯುಪಿಐ

ಫೋನ್‌ಪೇ, ಗೂಗಲ್ ಪೇ, ಭೀಮ್ ಯಾವುದೇ ಆಗಲಿ, ಮೊದಲ ಸಲ ತೆರೆದಾಗ ನಿಮ್ಮ ಫೋನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಬ್ಯಾಂಕಿನಲ್ಲಿರುವ ನಂಬರ್ ಈ ಫೋನ್‌ನಲ್ಲೇ ಇದೆಯಾ ಅಂತ ತಿಳಿಯುವುದು ಹಾಗೆ. ಇಲ್ಲಿ ಸೋತರೆ ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದು: ರೀಚಾರ್ಜ್ ಪ್ಯಾಕ್‌ನಲ್ಲಿ ಎಸ್ಸೆಮ್ಮೆಸ್ ಇಲ್ಲ, ಎರಡು ಸಿಮ್‌ಗಳಲ್ಲಿ ತಪ್ಪಾದ್ದನ್ನು ಆರಿಸಿದ್ದೀರಿ, ಅಥವಾ ಎಸ್ಸೆಮ್ಮೆಸ್ ಅನುಮತಿ ಕೇಳಿದಾಗ ಬೇಡ ಅಂದಿದ್ದೀರಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿದರೆ ಎಷ್ಟೋ ಸಲ ಆಗಿಬಿಡುತ್ತದೆ.

ಬ್ಯಾಂಕ್ ಅಕೌಂಟ್ ಹಳೆಯದೇ ಆದರೆ ಯುಪಿಐ ಪಿನ್ ಕೂಡ ಹಳೆಯದೇ. ಮರೆತಿದ್ದರೆ ಮಾತ್ರ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ವರ್ಷ ಕೊಟ್ಟು ಹೊಸದು ಮಾಡಿಕೊಳ್ಳಿ. ಫೋನ್ ಬದಲಾದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ. ಹಾಗಾಗಿ ಬಾಡಿಗೆ ಕಟ್ಟುವ ದಿನ ಫೋನ್ ಬದಲಿಸಲು ಹೋಗಬೇಡಿ. ಮೊದಲು ಮನೆಯವರಿಗೇ ಒಂದು ರೂಪಾಯಿ ಕಳಿಸಿ ನೋಡಿ.

ಹೊಸ ಫೋನ್ ಅಂತ ಉತ್ಸಾಹದಲ್ಲಿ ಸಿಕ್ಕಿದ್ದೆಲ್ಲ ಹಾಕುವವರು ಇದನ್ನೊಂದು ಓದಿ. ಆ್ಯಪ್ ಅಂದರೆ ಪ್ಲೇ ಸ್ಟೋರ್ ಒಂದೇ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತಲೋ, ಟ್ರಾಫಿಕ್ ದಂಡದ ಚಲನ್ ಅಂತಲೋ ಎಪಿಕೆ ಫೈಲ್ ಬರುತ್ತದೆ. ಎಪಿಕೆ ಅಂದರೆ ಪ್ಲೇ ಸ್ಟೋರ್ ದಾಟಿ ನೇರ ಫೋನಿನೊಳಗೆ ಕೂರುವ ಆ್ಯಪ್. ಅದು ನಿಮ್ಮ ಒಟಿಪಿ ಓದಿ ಬೇರೆಯವರಿಗೆ ಕಳಿಸಬಲ್ಲದು. ಕರೆಯೋಲೆ ಯಾವತ್ತೂ ಇನ್‌ಸ್ಟಾಲ್ ಮಾಡು ಅಂತ ಕೇಳುವುದಿಲ್ಲ. ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೂ ಇಲ್ಲ. ಹಣ ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

9. ದಿನಬಳಕೆಗೆ ಸಣ್ಣಪುಟ್ಟ

ಅಕ್ಷರ ದೊಡ್ಡದು ಮಾಡಿ. ಕೀಬೋರ್ಡ್‌ಗೆ ಕನ್ನಡ ಸೇರಿಸಿ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ವಿನ್ಯಾಸವೂ ಇದೆ, ನೇರ ಕನ್ನಡ ಅಕ್ಷರಗಳದ್ದೂ ಇದೆ. ಟೈಪ್ ಮಾಡಲು ಬೇಜಾರಿದ್ದವರು ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಮನೆಮಾತಿನ ಧಾಟಿಯನ್ನೂ ಮುಕ್ಕಾಲು ಪಾಲು ಸರಿಯಾಗೇ ಹಿಡಿಯುತ್ತದೆ.

ಹಳೆ ಫೋನಿಗೆ ಆ್ಯಪ್ ಕಡಿಮೆ ಇದ್ದಷ್ಟೂ ಒಳ್ಳೇದು. ನಮ್ಮ ಮೆಟ್ರೊ ಟಿಕೆಟ್‌ಗೆ ಬೇರೆ ಆ್ಯಪ್ ಬೇಕಿಲ್ಲ, 2022ರ ನವೆಂಬರ್‌ನಿಂದ ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಸಿಗುತ್ತದೆ. ಆಟೊಗೆ ನಮ್ಮ ಯಾತ್ರಿ, ಗುರುತಿನ ಕಾಗದಗಳಿಗೆ ಡಿಜಿಲಾಕರ್ ಇದ್ದರೆ ಬಹುತೇಕರಿಗೆ ಸಾಕು.

10. ನಿಮ್ಮ ಹಳೆ ಫೋನ್

ಒಂದು ವಾರ ಅದನ್ನು ಮುಟ್ಟಬೇಡಿ. ಚಾರ್ಜ್ ಮಾಡಿ, ಆಫ್ ಮಾಡಿ, ಎತ್ತಿಡಿ. ನಾಲ್ಕನೇ ದಿನಕ್ಕೆ ನೆನಪಾಗುತ್ತದೆ, ನೋಟ್ಸ್‌ನಲ್ಲಿ ಬರೆದಿದ್ದ ವಿದ್ಯುತ್ ಬಿಲ್ಲಿನ ನಂಬರ್ ಬರಲಿಲ್ಲ, ರೆಕಾರ್ಡ್ ಮಾಡಿದ್ದ ಮೊಮ್ಮಗಳ ಹಾಡು ಬರಲಿಲ್ಲ ಅಂತ. ಅದೆಲ್ಲ ತಂದುಕೊಂಡ ಮೇಲೆ ಮೂರು, ನಾಲ್ಕನೇ ಹಂತಗಳನ್ನು ಈ ಫೋನಿಗೂ ಮಾಡಿ. ಈಗ ಕೊಡುವವರು ನೀವು.

ನೋಟ್‌ಬುಕ್ಕಿನಿಂದ ಇಮೇಲ್, ಐಎಂಇಐ, ಸಿಮ್ ಯಾರ ಹೆಸರಲ್ಲಿದೆ ಅನ್ನುವುದನ್ನು ಒಂದು ಹಾಳೆಗೆ ಬರೆದು ರೇಷನ್ ಕಾರ್ಡ್ ಇಡುವ ಕವರ್‌ನಲ್ಲಿ ಹಾಕಿ. ಯುಪಿಐ ಪಿನ್ ಮಾತ್ರ ಆ ಹಾಳೆಯಲ್ಲಿ ಬೇಡ, ಫೋನ್ ಕವರಿನ ಹಿಂದೆ ಮಡಚಿಟ್ಟ ಚೀಟಿಯಲ್ಲಂತೂ ಬೇಡವೇ ಬೇಡ.